ಹ್ಯಾಂಕ್ ತೀರಿಕೊಂಡದ್ದು ಯಾವ ತಾರೀಖು?

ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ ಅವರಿಗೆ ವರ್ಷಕ್ಕೆ ಎರಡು ಹುಟ್ಟುಹಬ್ಬ. ಏಪ್ರಿಲ್ 29ಕ್ಕೆ ಒಂದು, ಮರುದಿನ 30ಕ್ಕೆ ಇನ್ನೊಂದು. ಟೆಕ್ಸಾಸ್‌ನ ಆಬಟ್ ಎಂಬ ಪುಟ್ಟ ಊರಿನಲ್ಲಿ 1933ರ ಏಪ್ರಿಲ್ 29ರ ರಾತ್ರಿ, ಹನ್ನೆರಡು ಹೊಡೆಯುವ ಸ್ವಲ್ಪ ಮುಂಚೆ ಅವರು ಹುಟ್ಟಿದರು. ಅದನ್ನು ದಾಖಲೆಗೆ ಬರೆಸಿದ್ದು ಬೆಳಗಾದ ಮೇಲೆ. ಕಾಗದದಲ್ಲಿ 30 ಅಂತ ಬಿತ್ತು. ಆಮೇಲೆ ಅದನ್ನು ತಿದ್ದಿಸುವ ಗೋಜಿಗೆ ಹೋಗಲಿಲ್ಲ, ಎರಡೂ ನನ್ನದೇ ಅಂದುಕೊಂಡರು. 2023ರಲ್ಲಿ 90 ತುಂಬಿದಾಗ ಲಾಸ್ ಏಂಜಲಿಸ್‌ನ ಹಾಲಿವುಡ್ ಬೌಲ್‌ನಲ್ಲಿ ಎರಡೂ ರಾತ್ರಿ ಕಾರ್ಯಕ್ರಮ ಇಟ್ಟಿದ್ದರು.

ನಮಗೆ ಇದು ಹೊಸದೇನಲ್ಲ. ನಮ್ಮ ಅಪ್ಪ, ದೊಡ್ಡಪ್ಪಂದಿರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ. ಅರ್ಧ ಊರು ಜೂನ್ 1ಕ್ಕೆ ಹುಟ್ಟಿರುತ್ತದೆ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದ ಮಗುವಿನ ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಸರಿ ಅಂತ ಮೇಷ್ಟ್ರು ಒಂದು ವರ್ಷ ಬರೆದುಬಿಡುತ್ತಿದ್ದರು. ತಾರೀಖು ಹೇಗೂ ಜೂನ್ 1. ಪೆನ್ಷನ್ ಬಂದದ್ದು ಅದೇ ತಾರೀಖಿನ ಮೇಲೆ.

ನೆಲ್ಸನ್ ಹಾಡುವ ಕಂಟ್ರಿ ಸಂಗೀತ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ ಕೂಡ ಇಂಥದೇ ಜನರದು. ಹತ್ತಿ ಹೊಲ, ಕಲ್ಲಿದ್ದಲ ಗಣಿ, ರೈಲ್ವೆ ಗ್ಯಾಂಗ್, ಬೆಟ್ಟದ ಮೇಲಿನ ಮರದ ಮನೆ. ಗಾಯಕಿ ಡಾಲಿ ಪಾರ್ಟನ್ 1946ರ ಜನವರಿ 19ರಂದು ಹುಟ್ಟಿದಾಗ, ಹೆರಿಗೆ ಮಾಡಿಸಲು ಬಂದ ಡಾಕ್ಟರಿಗೆ ಅವರಪ್ಪ ಕೊಟ್ಟ ಫೀಸು ಒಂದು ಮೂಟೆ ಜೋಳದ ಹಿಟ್ಟು. ಹೀಗೆ ಹುಟ್ಟಿದವರ ಹಾಡುಗಳನ್ನು ರೇಡಿಯೊ ದೇಶಕ್ಕೆಲ್ಲ ಹಂಚಿತು. ಅದೇ ರೇಡಿಯೊಗೆ ‘ಚರಿತ್ರೆಯಲ್ಲಿ ಈ ದಿನ’ ಅಂತ ಹೇಳುವ ಚಟ ಹತ್ತಿತು. ಇಂದು ಇಂಥವರ ಹುಟ್ಟುಹಬ್ಬ, ಇಂದು ಇಂಥವರು ತೀರಿಕೊಂಡ ದಿನ, ಇಂದಿಗೆ ಇಂಥ ರೆಕಾರ್ಡಿಂಗ್‌ಗೆ ಇಷ್ಟು ವರ್ಷ. ಕೇಳಲು ಸುಲಭ. ಆದರೆ ಒಂದೊಂದು ತಾರೀಖಿನ ಹಿಂದೆಯೂ ಅದನ್ನು ಬರೆದವರು ಒಬ್ಬರು ಇದ್ದಾರೆ. ಯಾರು ಬರೆದರು, ಯಾವಾಗ ಬರೆದರು, ಬರೆದದ್ದರಿಂದ ಯಾರಿಗೆ ಏನಾಯಿತು ಅಂತ ಕೇಳಿದರೆ ಕ್ಯಾಲೆಂಡರ್ ಬೇರೆಯೇ ಕಥೆ ಹೇಳುತ್ತದೆ. ನಾನು ಒಂದು ಹಳೆ ಡೈರಿಯಲ್ಲಿ ಈ ತಾರೀಖುಗಳನ್ನು ಬರೆದಿಡುತ್ತೇನೆ. ಮೊದಲನೇ ಪುಟದಲ್ಲೇ, ಜನವರಿ 1ರಲ್ಲೇ ಪೆನ್ನು ತಡೆಯುತ್ತದೆ.

ತಾನೇ ಹಾಡು ಬರೆದು ಹಾಡುತ್ತಿದ್ದ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ 1953ರ ಜನವರಿ 1ರಂದು ತೀರಿಕೊಂಡ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆಗ ಅವನಿಗೆ 29. (ಉಳಿದವರಿಗೆಲ್ಲ ‘ಅವರು’ ಅನ್ನುತ್ತೇನೆ. ಹ್ಯಾಂಕ್‌ಗೆ ಮಾತ್ರ ಬಹುವಚನ ಬಾಯಿಗೆ ಬರುವುದಿಲ್ಲ, ಕ್ಷಮಿಸಿ.) ಹುಟ್ಟಿದ್ದು 1923ರ ಸೆಪ್ಟೆಂಬರ್ 17, ಅಲಬಾಮಾದ ಮೌಂಟ್ ಆಲಿವ್. ಅವನ ಜನನ ಪತ್ರ ಮಾಡಿಸಿದ್ದೇ ಸುಮಾರು ಹತ್ತು ವರ್ಷದವನಾದ ಮೇಲೆ. ಅದರಲ್ಲೂ ಹೈರಮ್ ಅನ್ನುವ ಅವನ ನಿಜವಾದ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿ ಬಿತ್ತು. ಹುಟ್ಟಿನ ಕಾಗದ ಹೀಗಾಯಿತು, ಸಾವಿನದು ಇನ್ನೂ ಗೋಜಲು.

1952ರ ಡಿಸೆಂಬರ್ 31ರ ರಾತ್ರಿ ವೆಸ್ಟ್ ವರ್ಜೀನಿಯಾದ ಚಾರ್ಲ್‌ಸ್ಟನ್‌ನಲ್ಲಿ, ಮರುದಿನ ಒಹಾಯೋದ ಕ್ಯಾಂಟನ್‌ನಲ್ಲಿ ಅವನ ಕಾರ್ಯಕ್ರಮ ಇತ್ತು. ಮಾಂಟ್‌ಗಮರಿಯಿಂದ ಹೊರಟದ್ದು ತನ್ನ ನೀಲಿ ಕ್ಯಾಡಿಲಾಕ್‌ನಲ್ಲಿ. ಓಡಿಸಲು ಇಟ್ಟುಕೊಂಡದ್ದು ಒಬ್ಬ ಕಾಲೇಜು ಹುಡುಗನನ್ನು. ಅವನ ಹೆಸರು ಚಾರ್ಲ್ಸ್ ಕಾರ್. ಹೆಸರೇ ಕಾರ್, ಏನು ಮಾಡೋಣ. ದಾರಿಯಲ್ಲಿ ಹಿಮ ಜಾಸ್ತಿಯಾಯಿತು. ಟೆನ್ನೆಸಿಯ ನಾಕ್ಸ್‌ವಿಲ್‌ನಲ್ಲಿ ಕಾರು ಬಿಟ್ಟು ವಿಮಾನ ಹತ್ತಿದರು. ಹವಾಮಾನ ಕೆಟ್ಟು ವಿಮಾನ ವಾಪಸ್ ಬಂತು. ಚಾರ್ಲ್‌ಸ್ಟನ್ ಕಾರ್ಯಕ್ರಮ ಕೈಬಿಟ್ಟು ಹೋಯಿತು. ಸಂಜೆ ಆಂಡ್ರ್ಯೂ ಜಾನ್ಸನ್ ಹೋಟೆಲ್‌ನಲ್ಲಿ ರೂಮು ಮಾಡಿದರು. ಹ್ಯಾಂಕ್‌ಗೆ ಬೆನ್ನುಮೂಳೆಯ ತೊಂದರೆ ಹುಟ್ಟಿನಿಂದಲೇ ಇತ್ತು, ಕುಡಿತ ಬೇರೆ. ಹೋಟೆಲ್‌ಗೆ ಬಂದ ಡಾಕ್ಟರು ಬಿ12 ವಿಟಮಿನ್ ಜೊತೆ ಮಾರ್ಫಿನ್ ಇಂಜೆಕ್ಷನ್ ಎರಡು ಸಲ ಕೊಟ್ಟರು. ಅಷ್ಟರಲ್ಲಿ ಕ್ಯಾಂಟನ್‌ಗೆ ಹೇಗಾದರೂ ತಲುಪಲೇಬೇಕು ಅಂತ ಸುದ್ದಿ ಬಂತು. ರಾತ್ರಿ ಹನ್ನೊಂದರ ಒಳಗೆ ಹೋಟೆಲಿನ ಆಳುಗಳು ಅವನನ್ನು ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು.

ಹನ್ನೆರಡು ಹೊಡೆಯುವ ಮುಂಚೆ ಹೈವೇ ಪೊಲೀಸ್ ಸ್ವಾನ್ ಕಿಟ್ಸ್ ಕಾರು ನಿಲ್ಲಿಸಿದರು. ಓವರ್‌ಟೇಕ್ ಮಾಡುವಾಗ ಹುಡುಗ ಪೊಲೀಸ್ ಕಾರಿಗೇ ಗುದ್ದುವುದರಲ್ಲಿದ್ದ. ಕಿಟ್ಸ್ ಹಿಂದಿನ ಸೀಟು ನೋಡಿದರು. ಈತ ಸತ್ತ ಹಾಗಿದ್ದಾನಲ್ಲ ಅನ್ನಿಸಿತು. ಕೇಳಿದ್ದಕ್ಕೆ, ಇಂಜೆಕ್ಷನ್ ಕೊಟ್ಟಿದ್ದಾರೆ, ನಿದ್ದೆಯಲ್ಲಿದ್ದಾರೆ ಅಂದ ಹುಡುಗ. ರಟ್ಲೆಜ್ ಎಂಬ ಊರಿಗೆ ಕರೆದೊಯ್ದು 25 ಡಾಲರ್ ದಂಡ ಹಾಕಿ ಕಳಿಸಿದರು. ಬೆಳಗಿನ ಜಾವ ವೆಸ್ಟ್ ವರ್ಜೀನಿಯಾದ ಓಕ್ ಹಿಲ್ ಹತ್ತಿರ ಹುಡುಗ ಹಿಂದೆ ತಿರುಗಿ ನೋಡಿದ. ಕಂಬಳಿ ಜಾರಿತ್ತು. ಸರಿಮಾಡಲು ಹೋದರೆ ಹ್ಯಾಂಕ್‌ನ ಕೈ ಸೆಟೆದುಕೊಂಡಿತ್ತು. ಓಕ್ ಹಿಲ್ ಆಸ್ಪತ್ರೆಯಲ್ಲಿ ಸತ್ತಿದ್ದಾನೆ ಅಂತ ಹೇಳಿದ್ದು ಬೆಳಗ್ಗೆ 7 ಗಂಟೆ ಹೊತ್ತಿಗೆ. ತಾರೀಖು ಜನವರಿ 1.

ಅಂದರೆ ಆ ತಾರೀಖು ಸಾವಿನದಲ್ಲ, ಸಾವನ್ನು ಕಂಡುಹಿಡಿದದ್ದರದು. ಸತ್ತ ಮೇಲೆ ಮೈ ಸೆಟೆಯಲು ಸಾಮಾನ್ಯವಾಗಿ ಎರಡು ಮೂರು ಗಂಟೆಯಾದರೂ ಬೇಕು. ಪೂರ್ತಿ ಬಿಗಿಯಾಗಲು ಇನ್ನೂ ಜಾಸ್ತಿ. ಚಳಿ ಇದ್ದರೆ ಅದೂ ನಿಧಾನ. ಹಾಗಾಗಿ ಮೈಯನ್ನು ನೋಡಿ ಹನ್ನೆರಡರ ಈಚೆಯೋ ಆಚೆಯೋ ಅಂತ ಹೇಳಲು ಬರುವುದಿಲ್ಲ. ಕಿಟ್ಸ್ ಆಮೇಲೆ ವಿಚಾರಣೆ ಮಾಡಿ, ಹ್ಯಾಂಕ್ ನಾಕ್ಸ್‌ವಿಲ್‌ನಲ್ಲೇ ಸತ್ತಿರಬೇಕು ಎಂಬ ಅಭಿಪ್ರಾಯಕ್ಕೆ ಬಂದರು. ಅದು ನಿಜವಾದರೆ ತಾರೀಖು ಡಿಸೆಂಬರ್ 31. ಡ್ರೈವರ್ ಹುಡುಗ ಮಾತ್ರ ದೊಡ್ಡವನಾದ ಮೇಲೂ, ಇಲ್ಲ, ಬ್ಲೂಫೀಲ್ಡ್ ಎಂಬ ಊರಲ್ಲಿ ಕಾರು ನಿಲ್ಲಿಸಿದಾಗ ನನ್ನ ಹತ್ತಿರ ಮಾತಾಡಿದ ಅನ್ನುತ್ತಿದ್ದರು. ಅದು ನಿಜವಾದರೆ ಜನವರಿ 1. ನಮ್ಮ ಅಜ್ಜಿಯನ್ನು ಕೇಳಿದ್ದರೆ ಇಷ್ಟೆಲ್ಲ ತಲೆನೋವೇ ಇರುತ್ತಿರಲಿಲ್ಲ. ಸೂರ್ಯ ಹುಟ್ಟುವ ತನಕ ವಾರ ಬದಲಾಗಲ್ಲ, ಅವನು ಹೋದದ್ದು ಬುಧವಾರವೇ ಅಂದುಬಿಡುತ್ತಿದ್ದಳು.

ಕ್ಯಾಂಟನ್‌ನಲ್ಲಿ ಟಿಕೆಟ್ ತಗೊಂಡು ಕೂತಿದ್ದ ಜನಕ್ಕೆ ಸುದ್ದಿ ಹೇಳಿದಾಗ ಮೊದಲು ನಕ್ಕರಂತೆ. ಕುಡಿದು ಬರದೇ ಇರುವುದು ಹ್ಯಾಂಕ್‌ಗೆ ಹೊಸದಲ್ಲ, ಇದೊಂದು ಹೊಸ ನೆವ ಅಂದುಕೊಂಡರು. ಆಮೇಲೆ ಹಾಕ್‌ಶಾ ಹಾಕಿನ್ಸ್ ಮತ್ತು ಉಳಿದ ಕಲಾವಿದರು ಹ್ಯಾಂಕ್‌ನದೇ ‘ಐ ಸಾ ದ ಲೈಟ್’ ಹಾಡಲು ಶುರು ಮಾಡಿದರು. ಆಗ ನಿಜ ಅಂತ ಗೊತ್ತಾಯಿತು. ಜನರೂ ದನಿ ಸೇರಿಸಿದರು. ಈ ಹಾಕಿನ್ಸ್ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಂದು ತಾರೀಖಿನಲ್ಲಿ ಮತ್ತೆ ಬರುತ್ತದೆ.

ಒಂದು ರಾತ್ರಿ ಆಚೆ ಈಚೆ ಆದರೆ ಏನು ಮಹಾ ಅಂತ ಕೇಳಬಹುದು. ಕೆಲವು ಸಲ ಏನೂ ಇಲ್ಲ. ಕೆಲವು ಸಲ ದುಡ್ಡಿನ ಪ್ರಶ್ನೆ. ನಮ್ಮ ದೇಶದ ಕಾಪಿರೈಟ್ ಕಾನೂನನ್ನೇ ತಗೊಳ್ಳಿ. ಹಾಡು ಬರೆದವರು ತೀರಿಕೊಂಡರೆ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ಎಣಿಸುತ್ತಾರೆ. ಒಬ್ಬ ಕವಿ 1952ರ ಡಿಸೆಂಬರ್ 31ರ ರಾತ್ರಿ ಹನ್ನೊಂದಕ್ಕೆ ಹೋದರೆ ಹಕ್ಕು 2012ರ ಕೊನೆಗೆ ಮುಗಿಯುತ್ತದೆ. ರಾತ್ರಿ ಒಂದು ಗಂಟೆಗೆ ಹೋದರೆ 2013ರ ಕೊನೆಗೆ. ಎರಡು ಗಂಟೆಯ ಅಂತರ, ಒಂದು ವರ್ಷದ ರಾಯಲ್ಟಿ. ಅಮೆರಿಕದಲ್ಲಿ ಹ್ಯಾಂಕ್ ಕಾಲದ ಹಾಡುಗಳಿಗೆ ಲೆಕ್ಕ ಬೇರೆ. ಅಲ್ಲಿ ಮೊದಲು 28 ವರ್ಷದ ಹಕ್ಕು, ಆಮೇಲೆ ಅದನ್ನು ನವೀಕರಿಸಬೇಕು. ಅಷ್ಟರಲ್ಲಿ ಬರೆದವರು ಸತ್ತಿದ್ದರೆ ನವೀಕರಣದ ಹಕ್ಕು ಹೆಂಡತಿ ಮಕ್ಕಳಿಗೆ. ಹ್ಯಾಂಕ್ ವಿಷಯದಲ್ಲಿ ಇದೇ ಮುಖ್ಯವಾಯಿತು. ಯಾಕೆಂದರೆ ಕ್ಯಾಲೆಂಡರಿನ ಪುಟ ಇನ್ನೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ.

ಜನವರಿ 4ರಂದು ಮಾಂಟ್‌ಗಮರಿಯಲ್ಲಿ ಹ್ಯಾಂಕ್‌ನ ಅಂತ್ಯಕ್ರಿಯೆ ನಡೆಯಿತು. ಆಡಿಟೋರಿಯಂ ಒಳಗೆ ಹಿಡಿಸದೆ ಸಾವಿರಾರು ಜನ ರಸ್ತೆಯಲ್ಲಿ ನಿಂತಿದ್ದರು. ಜನವರಿ 6ಕ್ಕೆ, ಅಂದರೆ ಎರಡೇ ದಿನಕ್ಕೆ, ಅವನ ಮಗಳು ಹುಟ್ಟಿದಳು. ತಾಯಿ ಹ್ಯಾಂಕ್‌ನ ಹೆಂಡತಿಯಲ್ಲ. ಮಗುವನ್ನು ಬೇರೆಯವರು ದತ್ತು ತಗೊಂಡರು. ತನ್ನ ಅಪ್ಪ ಯಾರೆಂದು ಆಕೆಗೆ ಖಾತ್ರಿಯಾದದ್ದು ದೊಡ್ಡವಳಾದ ಮೇಲೆ. ಜೆಟ್ ವಿಲಿಯಮ್ಸ್ ಅಂತ ಹೆಸರಿಟ್ಟುಕೊಂಡು ಕೋರ್ಟಿಗೆ ಹೋದರು. ವರ್ಷಗಟ್ಟಲೆ ನಡೆದ ಜಗಳ 1980ರ ದಶಕ ದಾಟಿತು. ಕೊನೆಗೆ ಮಗಳೆಂಬ ಮಾನ್ಯತೆ ಸಿಕ್ಕಿತು, ನವೀಕರಣವಾದ ಹಾಡುಗಳ ರಾಯಲ್ಟಿಯಲ್ಲಿ ಪಾಲೂ ಸಿಕ್ಕಿತು. ರೇಡಿಯೊದ ‘ಈ ದಿನ’ದಲ್ಲಿ ಜನವರಿ 1ಕ್ಕೆ ಸಿಗುವ ಜಾಗ ಜನವರಿ 6ಕ್ಕೆ ಸಿಗುವುದಿಲ್ಲ.

ಆಸ್ಪತ್ರೆ ಇಲ್ಲದ ಕಡೆ ಸಾವಾದರೆ ತಾರೀಖು ಹೇಗೆ ಗೊತ್ತು ಮಾಡುತ್ತಾರೆ? 1963ರ ಮಾರ್ಚ್ 5ರ ಸಂಜೆ ಗಾಯಕಿ ಪ್ಯಾಟ್ಸಿ ಕ್ಲೈನ್ ಇದ್ದ ಪುಟ್ಟ ವಿಮಾನ ಟೆನ್ನೆಸಿಯ ಕ್ಯಾಮ್ಡೆನ್ ಹತ್ತಿರದ ಕಾಡಿನಲ್ಲಿ ಬಿತ್ತು. ಅಪಘಾತದಲ್ಲಿ ಸತ್ತ ಒಬ್ಬ ರೇಡಿಯೊ ಡಿಜೆಯ ಕುಟುಂಬಕ್ಕಾಗಿ ಕ್ಯಾನ್ಸಸ್ ಸಿಟಿಯಲ್ಲಿ ಸಹಾಯಾರ್ಥ ಕಾರ್ಯಕ್ರಮ ಕೊಟ್ಟು ವಾಪಸ್ ಬರುತ್ತಿದ್ದರು. ಜೊತೆಗೆ ಗಾಯಕ ಕೌಬಾಯ್ ಕೋಪಸ್, ಪೈಲಟ್ ಆಗಿದ್ದ ಮ್ಯಾನೇಜರ್ ರ‍್ಯಾಂಡಿ ಹ್ಯೂಸ್, ಮತ್ತು ಹಾಕ್‌ಶಾ ಹಾಕಿನ್ಸ್. ಹತ್ತು ವರ್ಷದ ಹಿಂದೆ ಕ್ಯಾಂಟನ್‌ನಲ್ಲಿ ಹ್ಯಾಂಕ್‌ಗಾಗಿ ಹಾಡಿದ ಅದೇ ಹಾಕಿನ್ಸ್. ಯಾರೂ ಉಳಿಯಲಿಲ್ಲ. ಅವಶೇಷ ಸಿಕ್ಕಿದ್ದು ಮರುದಿನ ಬೆಳಗ್ಗೆ, ಮಾರ್ಚ್ 6ಕ್ಕೆ. ಆದರೂ ಎಲ್ಲರೂ 5 ಅನ್ನುತ್ತಾರೆ, ಯಾಕೆಂದರೆ ಪ್ಯಾಟ್ಸಿ ಅವರ ಕೈಗಡಿಯಾರ ಸಂಜೆ 6 ಗಂಟೆ 20 ನಿಮಿಷಕ್ಕೆ ನಿಂತಿತ್ತು. ಹ್ಯಾಂಕ್‌ಗೆ ಇಂಥದ್ದೊಂದು ಸಾಕ್ಷಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಪ್ಯಾಟ್ಸಿ ಅವರಿಗೆ 30 ವರ್ಷ. ಆ ಸಾವಿಗೆ ಬಾಲ ಬೇರೆ ಇದೆ. ಎರಡು ದಿನ ಬಿಟ್ಟು, ಅವರ ಸ್ಮರಣೆಯ ಪ್ರಾರ್ಥನೆಗೆ ಹೊರಟ ಗಾಯಕ ಜ್ಯಾಕ್ ಆಂಗ್ಲಿನ್ ಕಾರು ಅಪಘಾತದಲ್ಲಿ ಹೋದರು.

ಮರುವರ್ಷ ಗಾಯಕ ಜಿಮ್ ರೀವ್ಸ್. 1964ರ ಜುಲೈ 31ರಂದು ನ್ಯಾಶ್‌ವಿಲ್ ಹತ್ತಿರ ಗುಡುಗು ಮಳೆಗೆ ಸಿಕ್ಕ ಅವರ ವಿಮಾನ ರೇಡಾರ್‌ನಿಂದ ಮರೆಯಾಯಿತು. ಸಂಗೀತದ ಗೆಳೆಯರೆಲ್ಲ ಸೇರಿ ಕಾಡು ಹುಡುಕಿದರು. ಸಿಕ್ಕಿದ್ದು ಆಗಸ್ಟ್ 2ಕ್ಕೆ. ಅವರ ತಾರೀಖನ್ನು ಗೊತ್ತು ಮಾಡಿದ್ದು ವಿಮಾನ ಮಾತು ನಿಲ್ಲಿಸಿದ ಹೊತ್ತು. ಎರಡು ದಿನ ರೇಡಿಯೊ ಕೇಳುತ್ತಾ ಕೂತಿದ್ದ ಅಭಿಮಾನಿಗಳಿಗೆ ಅವರು ಸತ್ತದ್ದು ಆಗಸ್ಟ್ 2ಕ್ಕೇ ಅಲ್ವಾ.

ಇವೆಲ್ಲ ಗೊತ್ತಾಗದೆ ಆದ ಗೊಂದಲ. ಬೇಕೆಂದೇ ಬದಲಿಸಿದ ತಾರೀಖೂ ಇದೆ. ಗಾಯಕಿ ಲೊರೆಟ್ಟಾ ಲಿನ್ ಕೆಂಟಕಿಯ ಗಣಿ ಕೆಲಸಗಾರರ ಮಗಳು. 13ನೇ ವಯಸ್ಸಿಗೇ ಮದುವೆಯಾದ ಹುಡುಗಿ ಎಂಬುದು ಅವರ ಕಥೆಯ ಬೆನ್ನೆಲುಬು. ಆತ್ಮಕಥೆಯಲ್ಲಿ ಅದಿತ್ತು, 1980ರಲ್ಲಿ ಬಂದ ಸಿನಿಮಾದಲ್ಲೂ ಅದೇ ಇತ್ತು. ಹುಟ್ಟಿದ ವರ್ಷ 1935 ಅಂತ ಎಲ್ಲರೂ ಬರೆಯುತ್ತಿದ್ದರು. 2012ರಲ್ಲಿ ಒಬ್ಬ ಪತ್ರಕರ್ತರು ಜನನ ಮತ್ತು ಮದುವೆಯ ಹಳೆ ದಾಖಲೆಗಳನ್ನು ತೆಗೆಸಿ ನೋಡಿದರು. ಹುಟ್ಟಿದ್ದು 1932ರ ಏಪ್ರಿಲ್ 14. ಮದುವೆ 1948ರ ಜನವರಿ 10. ಲೆಕ್ಕ ಹಾಕಿದರೆ ಮದುವೆಯ ದಿನ 15 ವರ್ಷ, ಹತ್ತಿರ ಹತ್ತಿರ 16.

ಇದನ್ನು ಸುಳ್ಳು ಅಂತ ಬೈಯಲು ನನಗೆ ಮನಸ್ಸಾಗುವುದಿಲ್ಲ. ಮೂವತ್ತರ ಹತ್ತಿರ ಬಂದ ಮೇಲೆ, ನಾಲ್ಕು ಮಕ್ಕಳಾದ ಮೇಲೆ ಹಾಡುವ ಕೆಲಸಕ್ಕೆ ಇಳಿದವರು ಅವರು. ಹೆಂಗಸರ ವಯಸ್ಸನ್ನು ಅಳೆದು ತೂಗುವ ಧಂಧೆ ಅದು. ಮೂರು ವರ್ಷ ಕಡಿಮೆ ಹೇಳಿಕೊಂಡರು. ಹುಟ್ಟಿದ ವರ್ಷ ಮುಂದಕ್ಕೆ ಹೋದಾಗ ಮದುವೆಯ ವಯಸ್ಸು ತಾನಾಗಿ ಕೆಳಗೆ ಇಳಿಯಿತು. ಒಂದು ತಾರೀಖು ಎಳೆದರೆ ಇನ್ನೊಂದು ಜೊತೆಗೆ ಬರುತ್ತದೆ, ಸ್ವೆಟರಿನ ನೂಲಿನ ಹಾಗೆ. 2022ರ ಅಕ್ಟೋಬರ್ 4ರಂದು ತೀರಿಕೊಂಡಾಗ ಪತ್ರಿಕೆಗಳೆಲ್ಲ 90 ವರ್ಷ ಅಂತ ಸರಿಯಾಗಿಯೇ ಬರೆದವು.

ಮನುಷ್ಯರದ್ದೇ ಹೀಗಾದರೆ ಸಂಗೀತದ ಹುಟ್ಟುಹಬ್ಬ ಹೇಗೆ ಹೇಳುವುದು? ಕಂಟ್ರಿ ಸಂಗೀತ ಹುಟ್ಟಿದ ದಿನ ಅಂತ ಕನಿಷ್ಠ ನಾಲ್ಕು ತಾರೀಖು ಓಡಾಡುತ್ತಿವೆ. 1922ರ ಜೂನ್ 30ರಂದು ಟೆಕ್ಸಾಸ್‌ನ ಪಿಟೀಲುಗಾರ ಎಕ್ ರಾಬರ್ಟ್‌ಸನ್ ನ್ಯೂಯಾರ್ಕ್‌ಗೆ ಹೋಗಿ ವಿಕ್ಟರ್ ಕಂಪನಿಗೆ ರೆಕಾರ್ಡ್ ಮಾಡಿದರು. ಮೊದಲನೆಯದು ಬೇಕು ಅಂದರೆ ಅದು. ಮಾರಾಟವಾದ ಮೊದಲನೆಯದು ಬೇಕು ಅಂದರೆ 1923ರ ಜೂನ್, ಅಟ್ಲಾಂಟ, ಫಿಡ್ಲಿನ್ ಜಾನ್ ಕಾರ್ಸನ್. ತಾರೀಖು 14 ಅನ್ನುವವರೂ ಇದ್ದಾರೆ, 19 ಅನ್ನುವವರೂ ಇದ್ದಾರೆ. ರೆಕಾರ್ಡ್ ಮಾಡಿಸಿದ ರಾಲ್ಫ್ ಪೀರ್ ಅವರಿಗೆ ಆ ಹಾಡುಗಾರಿಕೆ ಒಂಚೂರೂ ಹಿಡಿಸಲಿಲ್ಲ. ಸ್ಥಳೀಯ ಅಂಗಡಿಯವರ ಒತ್ತಾಯಕ್ಕೆ 500 ಪ್ರತಿ ಒತ್ತಿ ಕಳಿಸಿದರು. ಅಷ್ಟೂ ಖಾಲಿ. ಹಳ್ಳಿಯವರು ದುಡ್ಡು ಕೊಟ್ಟು ತಮ್ಮ ಹಾಡು ತಾವೇ ಕೊಳ್ಳುತ್ತಾರೆ ಅಂತ ಕಂಪನಿಗಳಿಗೆ ಗೊತ್ತಾದದ್ದು ಆಗ. ಆ ರೆಕಾರ್ಡಿಂಗ್ ನಡೆದ ಅಟ್ಲಾಂಟದ ಕಟ್ಟಡವನ್ನು 2019ರಲ್ಲಿ ಕೆಡವಿ ಹಾಕಿದರು. ತಾರೀಖಿನ ಬಗ್ಗೆಯೇ ಒಮ್ಮತವಿಲ್ಲದ ಕಟ್ಟಡಕ್ಕೆ ಯಾರು ಹಾರ ಹಾಕುತ್ತಾರೆ.

ಅದೇ ಪೀರ್ 1927ರಲ್ಲಿ ಬ್ರಿಸ್ಟಲ್‌ಗೆ ಬಂದರು. ಟೆನ್ನೆಸಿ, ವರ್ಜೀನಿಯಾ ಎರಡೂ ರಾಜ್ಯಗಳ ಗಡಿ ಈ ಊರಿನ ಮುಖ್ಯ ರಸ್ತೆಯ ಮಧ್ಯದಲ್ಲೇ ಹಾದುಹೋಗುತ್ತದೆ. ಟೋಪಿ ಕಂಪನಿಯೊಂದರ ಕಟ್ಟಡದಲ್ಲಿ ಗೋಡೆಗೆ ಕಂಬಳಿ ತೂಗುಹಾಕಿ ಸ್ಟುಡಿಯೊ ಮಾಡಿದರು. ಜುಲೈ 25ರಿಂದ ಆಗಸ್ಟ್ 5ರ ತನಕ 19 ತಂಡಗಳು, 76 ಹಾಡುಗಳು. ಮೊದಲ ದಿನಗಳಲ್ಲಿ ಜನ ಅಷ್ಟಾಗಿ ಬರಲಿಲ್ಲ. ಆಗ ಊರಿನ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಎರ್ನೆಸ್ಟ್ ಸ್ಟೋನ್‌ಮನ್ ಎಂಬ ಹಾಡುಗಾರ ಹಿಂದಿನ ವರ್ಷ ರಾಯಲ್ಟಿಯಲ್ಲೇ 3,600 ಡಾಲರ್ ಗಳಿಸಿದ್ದಾನಂತೆ! ಬೆಟ್ಟಗಳಿಂದ ಜನ ಇಳಿದು ಬರಲು ಶುರುವಾಯಿತು. ಕಾರ್ಟರ್ ಕುಟುಂಬ ಹಾಡಿದ್ದು ಆಗಸ್ಟ್ 1 ಮತ್ತು 2ಕ್ಕೆ. ಎ.ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ 18 ವರ್ಷ, ತುಂಬು ಬಸುರಿ. ಆ ಕೆಟ್ಟ ರಸ್ತೆಯಲ್ಲಿ ಬಂದು, ಗಿಟಾರಿನ ದಪ್ಪ ತಂತಿಯಲ್ಲಿ ಹೆಬ್ಬೆರಳಿನಿಂದ ಧಾಟಿ ನುಡಿಸುತ್ತಾ ಉಳಿದ ಬೆರಳಿನಲ್ಲಿ ತಾಳ ಹಾಕಿದರು. ಇವತ್ತಿಗೂ ಗಿಟಾರ್ ಕಲಿಯುವವರು ಆ ಶೈಲಿಯನ್ನು ಕಲಿಯುತ್ತಾರೆ. ಆಗಸ್ಟ್ 4ಕ್ಕೆ, ಮುಂದೆ ದೊಡ್ಡ ತಾರೆಯಾದ ಜಿಮ್ಮಿ ರೋಜರ್ಸ್ ಬಂದರು. ಹಿಂದಿನ ರಾತ್ರಿಯೇ ತಂಡದವರ ಜೊತೆ ಜಗಳವಾಗಿ ಒಬ್ಬರೇ ಹಾಡಬೇಕಾಯಿತು. ಆ ಜಗಳ ಆಗದಿದ್ದರೆ ಅವರು ತಂಡದಲ್ಲೊಬ್ಬರಾಗಿ ಉಳಿದುಬಿಡುತ್ತಿದ್ದರೋ ಏನೋ.

ಬ್ರಿಸ್ಟಲ್ ತನ್ನ ತಾರೀಖನ್ನು ಚೆನ್ನಾಗಿ ಕಾಪಾಡಿಕೊಂಡಿತು. 1998ರಲ್ಲಿ ಅಮೆರಿಕದ ಸಂಸತ್ತು ಅದನ್ನು ಕಂಟ್ರಿ ಸಂಗೀತದ ಹುಟ್ಟೂರು ಅಂತ ಗುರುತಿಸಿತು. 2014ರಲ್ಲಿ ಮ್ಯೂಸಿಯಂ ತೆರೆದರು. ತೆರೆದ ದಿನ ಯಾವುದು ಗೊತ್ತಾ? ಆಗಸ್ಟ್ 1.

ನಾಲ್ಕನೆಯ ತಾರೀಖು ನ್ಯಾಶ್‌ವಿಲ್‌ನದು. 1925ರ ನವೆಂಬರ್ 28ರ ಶನಿವಾರ ರಾತ್ರಿ, ಒಂದು ವಿಮಾ ಕಂಪನಿಯ ಹೊಸ ರೇಡಿಯೊ ಕೇಂದ್ರ ಡಬ್ಲ್ಯುಎಸ್‌ಎಂನಲ್ಲಿ 77 ವರ್ಷದ ಅಂಕಲ್ ಜಿಮ್ಮಿ ಥಾಂಪ್ಸನ್ ಪಿಟೀಲು ಹಿಡಿದು ಕೂತರು. ಮೈಕಿನ ಮುಂದೆ ನಿರೂಪಕ ಜಾರ್ಜ್ ಡಿ. ಹೇ. ನನಗೆ ಸಾವಿರ ಧಾಟಿ ಬರುತ್ತವೆ ಅನ್ನುತ್ತಿದ್ದ ಮುದುಕರು ಒಂದು ಗಂಟೆ ನುಡಿಸಿದರು. ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಾರ್ಯಕ್ರಮದ ಹುಟ್ಟು ಅದು. 2025ಕ್ಕೆ ಅದಕ್ಕೆ 100 ತುಂಬಿತು. ವರ್ಷವಿಡೀ ಜಾತ್ರೆ ನಡೆಯಿತು. ಮಾರ್ಚ್‌ನಲ್ಲಿ ಟಿವಿ ನೇರ ಪ್ರಸಾರ, ಸೆಪ್ಟೆಂಬರ್‌ನಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್. ಆದರೆ ಆ ನವೆಂಬರ್ 28ಕ್ಕಿಂತ ಕೆಲವು ವಾರ ಮುಂಚೆಯೇ ಡಾಕ್ಟರ್ ಹಂಫ್ರಿ ಬೇಟ್ ಅವರ ತಂಡ ಅದೇ ಕೇಂದ್ರದಲ್ಲಿ ಇಂಥದೇ ಹಾಡು ನುಡಿಸಿತ್ತು. ಆಗ ಹೇ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ. ಕಥೆ ಹೇಳಿದವರು ತಾವು ಮೈಕಿನ ಮುಂದೆ ನಿಂತ ದಿನದಿಂದ ಎಣಿಸಿದರು. ಇನ್ನೂ ತಮಾಷೆ ಎಂದರೆ ಪ್ರತಿ ವರ್ಷದ ಆಪ್ರಿ ಹುಟ್ಟುಹಬ್ಬ ನಡೆಯುವುದು ಅಕ್ಟೋಬರ್‌ನಲ್ಲಿ. 1950ರ ದಶಕದಲ್ಲಿ ಈ ಹಬ್ಬದ ನೆವದಲ್ಲಿ ದೇಶದ ಡಿಜೆಗಳನ್ನೆಲ್ಲ ನ್ಯಾಶ್‌ವಿಲ್‌ಗೆ ಕರೆಯುವ ಸಮಾವೇಶ ನವೆಂಬರ್‌ನಲ್ಲಿ ಶುರುವಾಯಿತು. ಆಮೇಲೆ ಅದು ಅಕ್ಟೋಬರ್‌ಗೆ ಸರಿಯಿತು, ಹುಟ್ಟುಹಬ್ಬವೂ ಹಿಂದೆಯೇ ಹೋಯಿತು.

‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರು ಬಂದದ್ದು 1927ರ ಡಿಸೆಂಬರ್ 10ರ ರಾತ್ರಿ. ಅದಕ್ಕೂ ಮುಂಚೆ ಅದೇ ರೇಡಿಯೊದಲ್ಲಿ ದೊಡ್ಡವರ ಒಪೆರಾ ಸಂಗೀತದ ಕಾರ್ಯಕ್ರಮ ಮುಗಿದಿತ್ತು. ಇಷ್ಟು ಹೊತ್ತು ಗ್ರ್ಯಾಂಡ್ ಒಪೆರಾ ಕೇಳಿದಿರಿ, ಇನ್ನು ಮುಂದೆ ಗ್ರ್ಯಾಂಡ್ ಓಲ್ ಆಪ್ರಿ (ಒಪೆರಾ ಎಂಬುದರ ಹಳ್ಳಿ ಉಚ್ಚಾರಣೆ ಆಪ್ರಿ) ಅಂತ ಹೇ ಚಟಾಕಿ ಹಾರಿಸಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆ ಮಾತಿಗೆ ಸ್ವಲ್ಪ ಮುಂಚೆ ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿದವರು ಯಾರು? ಡಿಫೋರ್ಡ್ ಬೇಲಿ. ಕಪ್ಪು ಜನಾಂಗದ, ಚಿಕ್ಕಂದಿನ ಪೋಲಿಯೊದಿಂದ ಬೆಳವಣಿಗೆ ಕುಂಠಿತವಾದ ಕುಳ್ಳ ಮನುಷ್ಯ. ಆಪ್ರಿಯ ಮೊದಲ ತಾರೆಗಳಲ್ಲಿ ಒಬ್ಬರು. 1941ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ಹೊಟ್ಟೆಪಾಡಿಗೆ ನ್ಯಾಶ್‌ವಿಲ್‌ನಲ್ಲೇ ಶೂ ಪಾಲಿಶ್ ಅಂಗಡಿ ನಡೆಸಿದರು. 1982ರ ಜುಲೈ 2ರಂದು ತೀರಿಕೊಂಡರು. ಕಂಟ್ರಿ ಸಂಗೀತದ ಮಹನೀಯರ ಹೆಸರು ಬರೆಯುವ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿದ್ದು 2005ರಲ್ಲಿ. ಆ ಹಾಲ್‌ಗೆ ಮೊದಲ ಮೂವರ ಹೆಸರು ಬರೆದದ್ದು 1961ರಲ್ಲಿ, ಅಂದರೆ 44 ವರ್ಷ ಮುಂಚೆ. ಡಿಸೆಂಬರ್ 14 ಬೇಲಿಯವರ ಹುಟ್ಟಿದ ದಿನ. ನನ್ನ ಡೈರಿಯಲ್ಲಿ ಅದು ದಪ್ಪ ಅಕ್ಷರದಲ್ಲಿದೆ.

ಇನ್ನು ಕಾಕತಾಳೀಯಗಳು. ಅಭಿಮಾನಿಗಳಿಗೆ ಇವೆಂದರೆ ಪ್ರಾಣ. ಜಿಮ್ಮಿ ರೋಜರ್ಸ್, ಪ್ಯಾಟ್ಸಿ ಕ್ಲೈನ್ ಇಬ್ಬರೂ ಹುಟ್ಟಿದ್ದು ಸೆಪ್ಟೆಂಬರ್ 8ಕ್ಕೆ. ಗಾಯಕ ಜಾನಿ ಕ್ಯಾಶ್ ತೀರಿಕೊಂಡ ಸೆಪ್ಟೆಂಬರ್ 12 ಇನ್ನೊಬ್ಬ ಗಾಯಕ ಜಾರ್ಜ್ ಜೋನ್ಸ್ ಹುಟ್ಟಿದ ದಿನ. ಜೋನ್ಸ್ ಅವರ ಮಾಜಿ ಪತ್ನಿ ಟ್ಯಾಮಿ ವೈನೆಟ್ ಹೋದದ್ದು 1998ರ ಏಪ್ರಿಲ್ 6. ಏಪ್ರಿಲ್ 6 ಮೆರ್ಲ್ ಹ್ಯಾಗರ್ಡ್ ಹುಟ್ಟಿದ ದಿನವೂ ಹೌದು, ಸತ್ತ ದಿನವೂ ಹೌದು. 1937ರಲ್ಲಿ ಹುಟ್ಟಿ 2016ರಲ್ಲಿ, ಸರಿಯಾಗಿ 79 ತುಂಬಿದ ದಿನ ಹೋದರು. ಹುಟ್ಟಿದ ದಿನವೇ ಹೋಗುತ್ತೇನೆ ಅಂತ ವಾರದ ಮುಂಚೆ ಅಪ್ಪ ಹೇಳಿದ್ದರು, ಅದರಂತೆಯೇ ಆಯಿತು ಎಂದು ಮಗ ಬರೆದುಕೊಂಡರು.

ಮೈ ಜುಮ್ಮೆನ್ನುತ್ತದೆ, ಒಪ್ಪಿದೆ. ಆದರೆ ಸುಮ್ನೆ ಒಂದು ಲೆಕ್ಕ ಮಾಡಿ ನೋಡಿ. ಹಾಲ್ ಆಫ್ ಫೇಮ್‌ನಲ್ಲಿ 150ಕ್ಕೂ ಹೆಚ್ಚು ಹೆಸರುಗಳಿವೆ. 150 ಜನರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾ ಹೋದರೆ 11,175 ಜೋಡಿಗಳಾಗುತ್ತವೆ. ಒಂದೊಂದು ಜೋಡಿಯೂ ಒಂದೇ ದಿನ ಹುಟ್ಟಿರುವ ಸಾಧ್ಯತೆ 365ರಲ್ಲಿ ಒಂದು. ಭಾಗಿಸಿದರೆ ಸುಮಾರು 30 ಜೋಡಿಗೆ ಒಂದೇ ಹುಟ್ಟುಹಬ್ಬ ಬೀಳಬೇಕು. ಸತ್ತ ದಿನಗಳನ್ನೂ ಸೇರಿಸಿದರೆ ಇನ್ನೂ ಜಾಸ್ತಿ. ಹೀಗಾಗಿ ಒಬ್ಬರ ಹುಟ್ಟುಹಬ್ಬ ಇನ್ನೊಬ್ಬರ ಪುಣ್ಯತಿಥಿಯ ಮೇಲೆ ಬೀಳದಿದ್ದರೇ ಆಶ್ಚರ್ಯ. ಹ್ಯಾಗರ್ಡ್ ಅವರದು ಮಾತ್ರ ಮುಂಚೆಯೇ ಹೇಳಿ ಮಾಡಿದ್ದು. ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ.

ಲೆಕ್ಕ ಗೊತ್ತಿದ್ದೂ ನನ್ನನ್ನು ತಡೆಯುವ ಒಂದು ತಾರೀಖು ಮೇ 26. ಜಿಮ್ಮಿ ರೋಜರ್ಸ್ ಅವರಿಗೆ ಕ್ಷಯ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ಗೆ ಹೋಗಿ, ಸ್ಟುಡಿಯೊದಲ್ಲೇ ಮಂಚ ಹಾಕಿಸಿಕೊಂಡು, ಒಂದು ಹಾಡು ಹಾಡುವುದು, ಮಲಗುವುದು, ಎದ್ದು ಇನ್ನೊಂದು ಹಾಡುವುದು. ಹೀಗೆ ಮಾಡಿ ಮುಗಿಸಿದರು. ಎರಡು ದಿನಕ್ಕೆ, ಮೇ 26ರಂದು ಹೋಟೆಲ್ ರೂಮಿನಲ್ಲಿ ಹೋದರು. ವಯಸ್ಸು 35. ಅವರು ಮೊದಲು ರೈಲ್ವೆಯಲ್ಲಿ ಬ್ರೇಕ್‌ಮನ್ ಆಗಿದ್ದವರು. ಶವ ಮಿಸಿಸಿಪಿಯ ಮೆರಿಡಿಯನ್‌ಗೆ ಹೋದದ್ದೂ ರೈಲಿನಲ್ಲೇ. ಇಪ್ಪತ್ತು ವರ್ಷದ ಮೇಲೆ, 1953ರ ಮೇ 26ಕ್ಕೆ, ಹ್ಯಾಂಕ್ ಸ್ನೋ ಮತ್ತು ಎರ್ನೆಸ್ಟ್ ಟಬ್ ಎಂಬ ಇಬ್ಬರು ಗಾಯಕರು ಮುಂದೆ ನಿಂತು ಮೆರಿಡಿಯನ್‌ನಲ್ಲಿ ಸ್ಮಾರಕ ಮಾಡಿಸಿದರು. ರೋಜರ್ಸ್ ಅವರ ಗಿಟಾರನ್ನು ಅವರ ಹೆಂಡತಿಯೇ ಟಬ್ ಕೈಗೆ ಕೊಟ್ಟಿದ್ದರು, ಸ್ನೋ ತನ್ನ ಮಗನಿಗೆ ಜಿಮ್ಮಿ ರೋಜರ್ಸ್ ಅಂತಲೇ ಹೆಸರಿಟ್ಟಿದ್ದರು. ಅದೇ ಮುಂದೆ ಆ ಊರಿನ ಸಂಗೀತ ಹಬ್ಬವಾಯಿತು. ಆ ದಿನ ನಾಲ್ಕು ವರ್ಷ ತುಂಬಿದ ಒಬ್ಬ ಹುಡುಗನಿದ್ದ, 1949ರ ಮೇ 26ಕ್ಕೆ ಹುಟ್ಟಿದವನು. ಐದು ತಿಂಗಳ ಹಿಂದೆ ಅಪ್ಪನನ್ನು ಕಳೆದುಕೊಂಡಿದ್ದ. ಅವನು ಹ್ಯಾಂಕ್ ವಿಲಿಯಮ್ಸ್ ಜೂನಿಯರ್.

ಸತ್ತವರ ಕ್ಯಾಲೆಂಡರ್ ಸಾವಿಗೆ ನಿಲ್ಲುವುದೂ ಇಲ್ಲ. ಜಿಮ್ ರೀವ್ಸ್ ಹೋದ ಮೇಲೂ ವರ್ಷಗಟ್ಟಲೆ ಅವರ ಹೊಸ ರೆಕಾರ್ಡುಗಳು ಬರುತ್ತಲೇ ಇದ್ದವು. 1966ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೂ ಹೋದರು. 1981ರಲ್ಲಿ ಇಂಜಿನಿಯರ್‌ಗಳು ಅವರ ದನಿಯನ್ನೂ ಪ್ಯಾಟ್ಸಿ ಕ್ಲೈನ್ ದನಿಯನ್ನೂ ಹಳೆ ಟೇಪುಗಳಿಂದ ಬಿಡಿಸಿ, ಜೋಡಿಸಿ, ಯುಗಳ ಗೀತೆ ಮಾಡಿದರು. ಎರಡು ಬೇರೆ ಬೇರೆ ವಿಮಾನಗಳಲ್ಲಿ ಹೋದ ಇಬ್ಬರು ಒಟ್ಟಿಗೆ ಹಾಡಿದರು, ಒಬ್ಬರು ಹೋಗಿ 18 ವರ್ಷ, ಇನ್ನೊಬ್ಬರು ಹೋಗಿ 17 ವರ್ಷ ಆದ ಮೇಲೆ. ಆ ಹಾಡಿಗೆ ಯಾವ ತಾರೀಖು ಹಾಕಬೇಕೋ.

ನಮ್ಮ ಕಡೆ ಗೊತ್ತಿರುವ ಒಬ್ಬ ಕಂಟ್ರಿ ಗಾಯಕ ಎಂದರೆ ಜಿಮ್ ರೀವ್ಸ್. ಇಂಡಿಯಾದ ಹಳೆ ತಲೆಮಾರಿನ ಕ್ರಿಶ್ಚಿಯನ್ ಮನೆಗಳಲ್ಲಿ ಅವರ ಕ್ರಿಸ್‌ಮಸ್ ಹಾಡುಗಳ ಕ್ಯಾಸೆಟ್ಟು ಇಲ್ಲದೆ ಹಬ್ಬವೇ ಇರಲಿಲ್ಲ. ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗಡೆಯ ಆಂಟಿ ಡಿಸೆಂಬರ್ ಮೊದಲ ವಾರ ಕುಲ್‌ಕುಲ್ ಕರಿಯಲು ಕೂತರೆ ಟೇಪ್ ರೆಕಾರ್ಡರ್ ಕಿಟಕಿಗೆ ಬರುತ್ತಿತ್ತು. ಅದೇ ಮೆತ್ತಗಿನ ದನಿ, ಅದೇ ಕ್ಯಾಸೆಟ್ಟು. ರೀಲು ಎಳೆದು ಎಳೆದು ಒಂದು ಕಡೆ ದನಿ ಸ್ವಲ್ಪ ನಡುಗುತ್ತಿತ್ತು. ಒಂದು ಸಲ ನಾನು ಬುದ್ಧಿವಂತನ ಹಾಗೆ, ಆಂಟಿ, ಇವರು ಹುಟ್ಟಿದ್ದು ಆಗಸ್ಟ್ 20, ಸತ್ತದ್ದು ಜುಲೈ 31 ಅಂದೆ. ಅವರು ಬಾಣಲೆಯಿಂದ ತಲೆ ಎತ್ತಲಿಲ್ಲ. ಇರಬಹುದಪ್ಪ, ನಮ್ಮನೆಗೆ ಅವರು ಬರೋದು ಡಿಸೆಂಬರ್‌ಗೆ ಅಂದರು.